ಫ್ರಿಜ್ಜಿನ ಬಾಗಿಲ ಮೇಲಿನ ತಿಂಗಳು

ನನ್ನ ಗಂಡ ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಳ್ಳುತ್ತಾರೆ. ಯಾವ ಮಷಿನ್ನಿಗೆ ಯಾವ ಮಾಲು, ಯಾವ ಪಾಳಿಯಲ್ಲಿ ಎಷ್ಟು ಪೀಸು ತೆಗೆಯಬೇಕು, ತೆಗೆದದ್ದರಲ್ಲಿ ರಿಜೆಕ್ಟ್ ಆದದ್ದೆಷ್ಟು, ಇದೇ ಅವರ ಇಪ್ಪತ್ತು ವರ್ಷದ ಬದುಕು. 'ಅವರು' ಎಂದು ಬರೆಯುತ್ತಿದ್ದೇನೆ, ಅದನ್ನು ಗೌರವ ಎಂದು ಯಾರೂ ತಿಳಿಯಬಾರದು. ಹದಿನೆಂಟು ವರ್ಷ ಕರೆದು ನಾಲಿಗೆಗೆ ಹತ್ತಿದ ರೂಢಿ ಅದು. ನಾನು ಹೇಳಹೊರಟಿರುವ ಒಂದು ತಿಂಗಳ ಮಟ್ಟಿಗಂತೂ ಅವರಿಗೆ ಅದಕ್ಕಿಂತ ಬಹಳ ಕಡಿಮೆ ಸಲ್ಲಬೇಕು.

ಎರಡು ವರ್ಷದ ಹಿಂದೆ ಆ ಕಾರ್ಖಾನೆಗೆ ಒಬ್ಬ ತರಬೇತಿದಾರ ಬಂದ. ನೌಕರರನ್ನೆಲ್ಲ ಒಂದು ದಿನ ಕೂರಿಸಿಕೊಂಡು ಮನೆಯಲ್ಲಿ ನೆಮ್ಮದಿಯಾಗಿ ಇರುವುದು ಹೇಗೆ ಎಂದು ಪಾಠ ಹೇಳಿ ಹೋದ. ವಾರದ ಅಡುಗೆಯನ್ನು ರವಿವಾರವೇ ಗೊತ್ತುಮಾಡಿಕೊಳ್ಳಬೇಕು. ಗಂಡ ಹೆಂಡತಿ ವಾರಕ್ಕೊಂದು ಸಂಜೆ ಇಬ್ಬರೇ ಹೊರಗೆ ಹೋಗಬೇಕು, ಅದಕ್ಕೆ ಡೇಟ್ ನೈಟ್ ಎಂದು ಹೆಸರು. ಮನೆಯ ಪ್ರತಿಯೊಬ್ಬರಿಗೂ ಒಂದು ಸ್ವಂತ ಗುರಿ ಇರಬೇಕು, ಅದನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ಬರೆದಿಡಬೇಕು. ಮಾತೇನೂ ಕೆಟ್ಟದ್ದಲ್ಲ. ಆ ಮನುಷ್ಯ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಆದರೆ ಅದು ನನ್ನ ಗಂಡನ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಬರುವಷ್ಟರಲ್ಲಿ ಕಾರ್ಖಾನೆಯ ಬೋರ್ಡಾಗಿ ಬದಲಾಗಿತ್ತು.

ಮರುದಿನ ಸಂಜೆ ನಾನು ಕೆಲಸ ಮುಗಿಸಿ ಮಹಾಂತೇಶ ನಗರದ ಮನೆಗೆ ಬಂದಾಗ ಫ್ರಿಜ್ಜಿನ ಬಾಗಿಲೇ ಕಾಣುತ್ತಿರಲಿಲ್ಲ. ಲ್ಯಾಮಿನೇಟ್ ಮಾಡಿಸಿದ ಒಂದು ದೊಡ್ಡ ಹಾಳೆ ಅದನ್ನು ಮುಚ್ಚಿತ್ತು. ಅಡ್ಡಕ್ಕೆ ಏಳು ದಿನ, ಉದ್ದಕ್ಕೆ ನಾಷ್ಟಾ, ಡಬ್ಬಿ, ರಾತ್ರಿ ಊಟ. ಪ್ರತಿ ಚೌಕದಲ್ಲಿ ಒಂದೊಂದು ಪದಾರ್ಥದ ಹೆಸರು, ಮೂಲೆಯಲ್ಲಿ ಎಷ್ಟು ರೊಟ್ಟಿ ಎಂಬ ಸಂಖ್ಯೆ. ಮೇಜಿನ ಮೇಲೆ ಹಸಿರು, ಕೆಂಪು ಸ್ಟಿಕರುಗಳ ಎರಡು ಪಾಕೀಟು ಇಟ್ಟಿದ್ದರು. ಹೇಳಿದ ಹೊತ್ತಿಗೆ ಹೇಳಿದ್ದು ತಾಟಿಗೆ ಬಂದರೆ ಹಸಿರು, ಬರದಿದ್ದರೆ ಕೆಂಪು.

"ಏನ್ರಿ ಇದು?" ಎಂದೆ.

"ಪ್ಲಾನಿಂಗ್. ದಿನಾ ಏನ ಮಾಡ್ಲಿ ಏನ ಮಾಡ್ಲಿ ಅಂತ ನನ್ನ ತಲಿ ತಿಂತಿ ಅಲ್ಲ, ಇನ್ನ ಆ ತ್ರಾಸ ಇಲ್ಲ."

"ಮಾಡಾವ್ರು ಯಾರು?"

"ಮಾಡಾಕಿ ನೀ. ಪ್ಲಾನ್ ನಂದು."

ಎಂಟನೆಯ ತರಗತಿಯ ನಮ್ಮ ಮಗಳು ಬಂದು ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. "ಪಪ್ಪಾ, ಇದರಾಗ ನಿಮ್ಮ ಪಾಳಿ ಯಾವ ದಿನ?" ಎಂದು ಕೇಳಿದಳು. "ನಂದು ಸುಪರ್ವಿಜನ್" ಎಂದರು. ಅವಳಿಗೆ ನಗು ಬಂತು. ನನಗೆ ಬರಲಿಲ್ಲ.

ಆ ರೊಟ್ಟಿಯ ಸಂಖ್ಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗಂಡನ ಮನೆ ವಡಗಾವಿಯಲ್ಲಿದೆ, ನೇಕಾರರ ಮನೆ. ಈಗಲೂ ಕೆಳಗೆ ಮಗ್ಗ, ಮೇಲೆ ಸಂಸಾರ. ಮದುವೆಯಾದ ಹೊಸತರಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ಪಾಠ, ಉಣ್ಣುವವರ ಎದುರು ರೊಟ್ಟಿ ಎಣಿಸಬಾರದು ಎಂಬುದು. ಎಷ್ಟು ಬೇಕು ಎಂದು ಕೇಳುವುದೂ ಇಲ್ಲ, ಎಷ್ಟಾಯಿತು ಎಂದು ಹೇಳುವುದೂ ಇಲ್ಲ. ಬಡಿಯುತ್ತ ಹೋಗುವುದು, ಅವರು ಸಾಕು ಎಂದಾಗ ಹಂಚು ಇಳಿಸುವುದು. ಎಣಿಸಿದರೆ ಆ ಮನೆಯಲ್ಲಿ ಬರಕತ್ತು, ಏಳಿಗೆ ಇರುವುದಿಲ್ಲ ಎಂದು ಆಕೆ ನಂಬಿದ್ದರು. ನನಗೆ ಅಂಥ ನಂಬಿಕೆ ಇಲ್ಲ. ಆದರೂ ಇಷ್ಟು ವರ್ಷ ಎಣಿಸದೆ ಬಡಿದ ಕೈ ನನ್ನದು. ಈಗ ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಫ್ರಿಜ್ಜಿನ ಮೇಲೆ ಬುಧವಾರ ರಾತ್ರಿ ನಾಲ್ಕು, ಗುರುವಾರ ಮೂರು ಎಂದು ಬರೆದು ಅಂಟಿಸಿದ್ದರು.

ಹಾಳೆಯ ಕೆಳಗೆ ಮೂವರ ಗುರಿಗೆ ಮೂರು ಸಾಲು. ತಮ್ಮ ಹೆಸರಿನ ಮುಂದೆ ದಿನಾ ಐದು ಕಿಲೋಮೀಟರ್ ನಡಿಗೆ, ಮಗಳ ಮುಂದೆ ಗಣಿತದಲ್ಲಿ ತೊಂಬತ್ತು. ನನ್ನ ಮುಂದೆ, ನನ್ನನ್ನು ಒಂದು ಮಾತೂ ಕೇಳದೆ, 'ತೂಕ ಇಳಿಸುವುದು, ಆರು ಕೆ.ಜಿ.' ಎಂದು ಬರೆದಿದ್ದರು. ಆ ಕ್ಷಣಕ್ಕೆ ಹಾಳೆಯನ್ನು ಕಿತ್ತು ಅವರ ಕೈಗೆ ಕೊಡಬೇಕಿತ್ತು. ಹಾಗೆ ಮಾಡದೆ ಅವರದೇ ಪೆನ್ನು ತೆಗೆದುಕೊಂಡು ಆ ಆರು ಕೆ.ಜಿ.ಯನ್ನು ಕಾಟು ಹಾಕಿ, ಮೇಲೆ 'ಖಾನಾಪುರ' ಎಂದು ಬರೆದೆ.

ಅವರಿಗೆ ಅರ್ಥವಾಯಿತು. ಒಂದು ವಾರದಿಂದ ಮನೆಯಲ್ಲಿ ಅದೇ ಜಗಳ ನಡೆದಿತ್ತು.

ನಾನು ಆಗ ಕೋಟೆಯ ಹತ್ತಿರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಹದಿನಾಲ್ಕು ವರ್ಷದಿಂದ ಜನರ ತೋಳಿಗೆ ಪಟ್ಟಿ ಬಿಗಿದು ನರ ಹುಡುಕುವುದೇ ನನ್ನ ಕೆಲಸವಾಗಿತ್ತು. ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಕೂರುವವರಲ್ಲಿ ಬಹಳ ಮಂದಿ ಖಾನಾಪುರದ ಕಡೆಯವರು. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಲ್ಲ, ಅದಕ್ಕಾಗಿ ಹಿಂದಿನ ರಾತ್ರಿ ಉಂಡವರು ಬೆಳಿಗ್ಗೆ ಒಂದು ಗುಟುಕು ಚಹಾ ಇಲ್ಲದೆ ಹಳ್ಳಿಯಿಂದ ಖಾನಾಪುರಕ್ಕೆ, ಖಾನಾಪುರದಿಂದ ಬೆಳಗಾವಿಗೆ ಎರಡು ಬಸ್ಸು ಹಿಡಿದು ಬರುತ್ತಿದ್ದರು. ಒಂದು ದಿನ ಒಬ್ಬ ಅಜ್ಜಿ ನನ್ನ ಕುರ್ಚಿಯಲ್ಲಿ ಕೂತು, "ಬಾಯಿ, ಪಾಣೀ ತರೀ ಪಿಊ ಕಾ" ಎಂದರು. ಅಮ್ಮಾ, ನೀರಾದರೂ ಕುಡಿಯಲೇ ಎಂದು ಕೇಳಿದ್ದು. ನೀರು ಕುಡಿಯಬಾರದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಯಾವುದಕ್ಕೂ ಇರಲಿ ಎಂದು ತಾನೇ ಅದನ್ನೂ ಬಿಟ್ಟು ಬಂದಿದ್ದರು. ನಾನು ಲೋಟ ತರುವಷ್ಟರಲ್ಲಿ ಆಕೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಬಿದ್ದಿದ್ದರು.

ಆ ವರ್ಷ ನಮ್ಮ ಸಂಸ್ಥೆ ಖಾನಾಪುರದಲ್ಲಿ ಒಂದು ಕೇಂದ್ರ ತೆರೆಯಲು ಹೊರಟಿತು. ನಡೆಸಲು ಒಬ್ಬ ಮುಖ್ಯಸ್ಥೆ ಬೇಕು, ಆಕೆಗೆ ಮರಾಠಿ ಕನ್ನಡ ಎರಡೂ ಬರಬೇಕು. ನಾನು ಖಾನಾಪುರದಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಅಲ್ಲಿಯ ಹಂಚಿನ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನಮ್ಮ ಲ್ಯಾಬಿನ ಹಿರಿಯ ಲೇಡಿ ಡಾಕ್ಟರು, ನಾವೆಲ್ಲ ಡಾಕ್ಟರ ಬಾಯಿ ಎನ್ನುವವರು, ನನ್ನನ್ನು ಕರೆದು, "ನಿಮ್ಮ ಹೆಸರ ಕಳಸೀನಿ. ಹುಬ್ಬಳ್ಳಿ ಆಫೀಸಿನವ್ರು ಈ ತಿಂಗಳದಾಗ ನಿಮ್ಮ ಒಪ್ಪಿಗಿ ಕೇಳ್ತಾರ. ಹ್ಞೂಂ ಅಂದ್ಬಿಡ್ರಿ" ಎಂದರು. ಒಂದು ರವಿವಾರ ಯಾರಿಗೂ ಹೇಳದೆ ಬಸ್ಸಿನಲ್ಲಿ ಹೋಗಿ ಆ ಜಾಗ ನೋಡಿ ಬಂದೆ. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಎರಡು ಕೋಣೆ, ಹಸಿ ಬಣ್ಣದ ವಾಸನೆ, ಶಟರಿನ ಎದುರು ಒಂದು ಚಹಾ ಅಂಗಡಿ. ರಕ್ತ ಕೊಟ್ಟು ಎದ್ದವರು ಹತ್ತು ಹೆಜ್ಜೆ ನಡೆದರೆ ಚಹಾ ಕುಡಿಯಬಹುದು. ಆ ಜಾಗ ನನಗೆ ಬೇಕೇ ಬೇಕು ಎಂದು ಅಲ್ಲಿ ನಿಂತಾಗಲೇ ನಿಶ್ಚಯಿಸಿದೆ. ನನ್ನ ಬದುಕಿನಲ್ಲಿ ಅಷ್ಟು ಖಚಿತವಾಗಿ ನನಗೆ ಬೇಕೆನಿಸಿದ್ದು ಬೇರೆ ಯಾವುದೂ ಇರಲಿಲ್ಲ.

ಗಂಡನಿಗೆ ಆ ಜಾಗ ಬೇಡವಾಗಿತ್ತು. ಬೆಳಿಗ್ಗೆ ಆರೂವರೆಗೆ ನಾನು ಮನೆ ಬಿಟ್ಟರೆ ಅವರ ನಾಷ್ಟಾ ಯಾರು ಮಾಡುವುದು, ಡಬ್ಬಿ ಯಾರು ಕಟ್ಟುವುದು. ವಾರವೆಲ್ಲ ಬಾಯಿ ಬಿಟ್ಟು ಹೇಳಿದ್ದನ್ನು ಈಗ ಹಾಳೆಯ ಮುಂದೆ ನಿಂತು ಶರತ್ತು ಮಾಡಿದರು.

"ಒಂದ ತಿಂಗಳ ಈ ಬೋರ್ಡ್ ನಡಸಿ ತೋರ್ಸು. ಖಾನಾಪುರಕ್ಕ ಹೊಂಟಾಕಿ ಹಂಗ ಬೆಳಿಗ್ಗೆ ಆರೂವರಿ ಒಳಗ ಎಲ್ಲಾ ತಯಾರ ಇರಬೇಕು. ನಾಕಕ್ಕಿಂತ ಹೆಚ್ಚ ಕೆಂಪ ಬಿದ್ರ ನೀನ ಒಲ್ಲೆ ಅನಬೇಕು. ಬೀಳಲಿಲ್ಲಂದ್ರ ನಂದೇನೂ ತಕರಾರಿಲ್ಲ."

"ಮಾತ ಅಂದ್ರ ಮಾತ?"

"ಮಾತ ಅಂದ್ರ ಮಾತ."

ಒಪ್ಪಿಕೊಂಡೆ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಹದಿನಾಲ್ಕು ವರ್ಷ ದುಡಿದು ಗಳಿಸಿದ ಕೆಲಸಕ್ಕೆ, ನನ್ನದೇ ಅಡುಗೆಮನೆಯಲ್ಲಿ, ಹಂಚು ಒಲೆಯ ಮೇಲಿಡಲೂ ಬಾರದ ಮನುಷ್ಯನ ಮುಂದೆ ಪರೀಕ್ಷೆಗೆ ಕೂತೆ. ನೀವು ಯಾರು ಬಿಡಲು ಎಂದು ಕೇಳುವುದು ಆಗ ಹೊಳೆಯಲೇ ಇಲ್ಲ. ಗೆದ್ದು ತೋರಿಸುತ್ತೇನೆ ಎಂಬ ಒಂದೇ ಹಟ ತಲೆಯಲ್ಲಿ ಕೂತಿತ್ತು.

ನಾಲ್ಕೂವರೆಗೆ ಏಳತೊಡಗಿದೆ. ಸೋಮವಾರ ಅವಲಕ್ಕಿ, ಡಬ್ಬಿಗೆ ಮಡಿಕೆಕಾಳಿನ ಪಲ್ಯ, ರಾತ್ರಿ ಝುಣಕ. ಮಂಗಳವಾರ ಉಪ್ಪಿಟ್ಟು, ಬದನೆಕಾಯಿ, ಕಟ್ಟಿನ ಸಾರು. ಬೋರ್ಡಿನಲ್ಲಿ ಏನಿದೆಯೋ ಅದು, ಒಂದು ಚಮಚ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೊದಲ ದಿನ ರಾತ್ರಿ ರೊಟ್ಟಿ ಮುರಿಯುತ್ತ ಸುತ್ತ ನೋಡಿದರು.

"ಶೇಂಗಾ ಹಿಂಡಿ ಎಲ್ಲೈತಿ?"

"ಬೋರ್ಡಿನ ಮ್ಯಾಲಿಲ್ಲ."

"ಅದನ್ನೂ ಬರೀಬೇಕೇನ?"

"ಬರದಿಟ್ಟಿದ್ರ ಕೊಡತಿದ್ದೆ."

ಆ ಚಟ್ನಿಪುಡಿಯ ಡಬ್ಬಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಎದ್ದು ಬಂದು ತೆಗೆದುಕೊಳ್ಳಲು ಅವರಿಂದ ಆಗಲಿಲ್ಲ, ಯಾಕೆಂದರೆ ಡಬ್ಬಿ ಎಲ್ಲಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ನಾಲ್ಕು ರೊಟ್ಟಿ ತಿಂದರು. ಐದನೆಯದಕ್ಕೆ ತಾಟು ಮುಂದೆ ಮಾಡಿದಾಗ ಬೋರ್ಡಿನ ಕಡೆ ಕೈ ತೋರಿಸಿದೆ. ಅತ್ತೆ ನೋಡಿದ್ದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ನನಗೆ ಮಾತ್ರ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಇನ್ನು ಆ ಡೇಟ್ ನೈಟ್. ಶನಿವಾರ ಸಂಜೆ, ಇಬ್ಬರೇ. ಮೊದಲ ವಾರ ಕೋಟೆ ಕೆರೆಯ ದಂಡೆಯ ಮೇಲೆ ಒಂದು ಸುತ್ತು ನಡೆದೆವು. ಅವರ ಐದು ಕಿಲೋಮೀಟರಿನಲ್ಲಿ ಅದೂ ಲೆಕ್ಕಕ್ಕೆ ಬಂತು. ಆಮೇಲೆ ಖಾನಾಪುರ ರಸ್ತೆಯ ಒಂದು ಹೋಟೆಲಿಗೆ ಹೋದೆವು. ಮದುವೆಯಾದ ಮೇಲೆ ಮಗಳಿಲ್ಲದೆ, ಅತ್ತೆಯಿಲ್ಲದೆ, ನೆಂಟರಿಲ್ಲದೆ ನಾವು ಹೀಗೆ ಹೊರಗೆ ಕೂತದ್ದು ಬಹಳ ಕಡಿಮೆ. ಸುಳ್ಳು ಯಾಕೆ ಹೇಳಲಿ, ವಡಗಾವಿಯಲ್ಲಿ ನೇಯ್ದ ಹಸಿರು ಸೀರೆ ಉಟ್ಟುಕೊಂಡು ಹೋಗಿದ್ದೆ, ಕೂದಲಿಗೆ ಹೂವೂ ಇತ್ತು. ಸೂಪು ಬಂದ ಮೇಲೆ ಅವರು ಜೇಬಿನಿಂದ ಫೋನ್ ತೆಗೆದು ತಾಟಿನ ಪಕ್ಕದಲ್ಲಿಟ್ಟು, ಕನ್ನಡಕ ಹಾಕಿಕೊಂಡು, ಬರೆದಿಟ್ಟುಕೊಂಡದ್ದನ್ನು ಓದತೊಡಗಿದರು.

"ಬುಧವಾರ ಸಾರಿನಾಗ ಉಪ್ಪ ಕಡಿಮಿ. ಗುರುವಾರ ಡಬ್ಬಿ ಟೈಮಿಗೆ ಇತ್ತು, ಖರೇ ಪಲ್ಯ ನೀರ ಬಿಟ್ಟಿತ್ತು. ಶುಕ್ರವಾರ ಚಲೋ ಇತ್ತು. ಮುಂದಿನ ವಾರ ಸುಧಾರಿಸಬೇಕು."

"ಮತ್ತೇನರ ಐತಿ?" ಎಂದೆ.

"ಸದ್ಯಕ್ಕ ಇಷ್ಟ."

ಅವರು ಕಾರ್ಖಾನೆಯಲ್ಲಿ ಶನಿವಾರ ರಿವ್ಯೂ ಮೀಟಿಂಗ್ ಮಾಡುತ್ತಾರೆಂದು ಗೊತ್ತಿತ್ತು. ನನ್ನನ್ನು ಅದರ ಎರಡನೆಯ ಪಾಳಿಗೆ ಕರೆತಂದಿದ್ದರು. ಹೂವನ್ನು ಅಲ್ಲೇ ತೆಗೆದು ಪರ್ಸಿನೊಳಗೆ ಹಾಕಿದೆ. ಅವರು ಅದನ್ನು ಗಮನಿಸಲಿಲ್ಲ. ಮುಂದಿನ ಶನಿವಾರಗಳಿಗೆ ಲ್ಯಾಬಿಗೆ ಉಡುವ ಸೀರೆಯಲ್ಲೇ ಹೋದೆ.

ಎರಡನೆಯ ವಾರದ ಶುಕ್ರವಾರ ಲ್ಯಾಬಿನಲ್ಲಿ ಕೆಲಸ ಸಂಜೆವರೆಗೂ ಎಳೆಯಿತು. ಮನೆಗೆ ಹೋಗಿ ಹಿಟ್ಟು ಕಲೆಸಿ ಬಡಿದರೆ ಎಂಟು ಗಂಟೆಯ ಊಟ ತಪ್ಪುತ್ತದೆ, ಕೆಂಪು ಬೀಳುತ್ತದೆ. ಆಟೋ ಹಿಡಿದು ವಡಗಾವಿಗೆ ಹೋದೆ. ಅತ್ತೆ ಆಗತಾನೇ ಹಂಚು ಇಳಿಸಿದ್ದರು. ವಿಷಯ ಹೇಳಲಿಲ್ಲ, ರೊಟ್ಟಿ ಬೇಕಿತ್ತು ಎಂದೆ, ಅಷ್ಟೆ. ಎಣಿಸದೆ ಒಂದು ಅರಿವೆಯಲ್ಲಿ ಕಟ್ಟಿ ಕೊಟ್ಟರು. ಮನೆಗೆ ತಂದು ಬಿಸಿ ಮಾಡಿ ಸರಿಯಾಗಿ ಎಂಟಕ್ಕೆ ಬಡಿಸಿದೆ. ಗಂಡ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

"ಇದು ಅಂಗಡಿ ರೊಟ್ಟಿ."

"ಹೆಂಗ ಗೊತ್ತಾತು?"

"ಇಷ್ಟ ವರ್ಷ ತಿಂದೀನಿ, ಮನಿದು ಯಾವದು ಹೊರಗಿನದು ಯಾವದು ನನಗ ತಿಳಿಯಂಗಿಲ್ಲೇನ? ರಿಜೆಕ್ಟ್."

ಎದ್ದು ಹೋಗಿ ಕೆಂಪು ಅಂಟಿಸಿ ಬಂದರು. ಅದು ಎರಡನೆಯ ಕೆಂಪು. ಮೊದಲನೆಯದು ಆ ಸೋಮವಾರ ನಾಷ್ಟಾ ತಡವಾದದ್ದಕ್ಕೆ ಬಿದ್ದಿತ್ತು. ನನ್ನ ಉತ್ತರವನ್ನು ಇಡೀ ಒಂದು ದಿನ ಬಾಯಲ್ಲೇ ಇಟ್ಟುಕೊಂಡು, ಶನಿವಾರ ಹೋಟೆಲಿನಲ್ಲಿ ಅವರು ಕನ್ನಡಕ ಹಾಕಿಕೊಂಡು 'ಅಂಗಡಿ ರೊಟ್ಟಿ' ಎಂದು ಓದಿದಾಗ ಹೊರಗೆ ಬಿಟ್ಟೆ.

"ಆ ರೊಟ್ಟಿ ಬಡದಾಕಿ ನಿಮ್ಮ ಅವ್ವ."

ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಹಂಗಾರ ಅವ್ವನ ಕೈಯೂ ಈಗ ಮದಲಿನಂಗ ಉಳದಿಲ್ಲ" ಎಂದರು. ಕೆಂಪನ್ನು ತೆಗೆಯಲಿಲ್ಲ. ಹೆತ್ತ ತಾಯಿಯನ್ನೇ ರಿಜೆಕ್ಟ್ ಮಾಡಿದ ಮನುಷ್ಯ ಇನ್ನು ನನ್ನನ್ನು ಬಿಡುತ್ತಾರೆಯೇ. ಆ ರಾತ್ರಿಯಿಂದ ಅವರ ಮೇಲೆ ನನಗಿದ್ದದ್ದು ಬರೀ ಸಿಟ್ಟಲ್ಲ, ದ್ವೇಷ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಒಂದೇ ಮಂಚದ ಮೇಲೆ ಮಲಗುವವರ ನಡುವೆ ದ್ವೇಷ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರು ಮದುವೆಯಾಗಿಲ್ಲ ಎಂದು ತಿಳಿಯಬಹುದು.

ಮೂರನೆಯ ವಾರ ಪೂರ್ತಿ ಹಸಿರು. ನಾಲ್ಕನೆಯ ವಾರ ಒಂದೇ ಕೆಂಪು, ಹಾಲು ಉಕ್ಕಿ ಒಲೆ ಆರಿ ನಾಷ್ಟಾ ತಡವಾದದ್ದಕ್ಕೆ. ವಿಚಿತ್ರವೆಂದರೆ ಆ ಎರಡು ವಾರ ಗಂಡ ಬಹಳ ಖುಷಿಯಲ್ಲಿದ್ದರು. ಬೆಳಿಗ್ಗೆ ಹಸಿರು ಅಂಟಿಸುವಾಗ ಸಣ್ಣಗೆ ಸಿಳ್ಳೆ ಹಾಕುತ್ತಿದ್ದರು. ಒಂದೆರಡು ಸಲ ಪಲ್ಯ ಭಾರಿ ಆಗೈತಿ ಎಂದೂ ಹೇಳಿದರು. ನನ್ನ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಲ್ಯಾಬಿನಲ್ಲಿ ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತಿದ್ದೆ, ಒಮ್ಮೆ ಒಬ್ಬರ ತೋಳಿಗೆ ಎರಡು ಸಲ ಚುಚ್ಚಬೇಕಾಯಿತು. ಆದರೂ ಒಳಗೊಳಗೆ ಒಂದು ಆಸೆ ಚಿಗುರಿತ್ತು. ಮನಸ್ಸು ಬದಲಾಗಿರಬೇಕು, ಸೋತದ್ದನ್ನು ನಗುತ್ತ ಒಪ್ಪಿಕೊಳ್ಳುತ್ತಿರಬೇಕು ಎಂದುಕೊಂಡೆ. ಕೊನೆಯ ಶುಕ್ರವಾರ ರಾತ್ರಿ ಎಣಿಸಿದೆ. ಮೂರು ಕೆಂಪು. ಗೆದ್ದಿದ್ದೆ.

ಮರುದಿನ, ಶನಿವಾರ ಮಧ್ಯಾಹ್ನ, ಡಾಕ್ಟರ ಬಾಯಿ ತಮ್ಮ ಕೋಣೆಗೆ ಕರೆದರು. ಮುಖ ಸಪ್ಪಗಿತ್ತು.

"ಹಿಂಗ್ಯಾಕ ಮಾಡಿದ್ರಿ? ಒಲ್ಲೆ ಅನ್ನೂದಿತ್ತಂದ್ರ ನನಗರ ಮದಲ ಹೇಳಬೇಕಿತ್ತಲ್ಲ."

"ಯಾವದಕ್ಕ ಒಲ್ಲೆ ಅಂದೆ ಬಾಯಿ?"

"ಖಾನಾಪುರಕ್ಕ. ಹುಬ್ಬಳ್ಳಿಯವ್ರು ಸೋಮವಾರ ಬ್ಯಾರೇದವ್ರ ಹೆಸರ ಹಾಕತಾರ."

ನಾನು ಯಾರ ಜೊತೆಯೂ ಮಾತಾಡಿರಲಿಲ್ಲ. ಯಾರೂ ನನ್ನನ್ನು ಕೇಳಿರಲಿಲ್ಲ. ಅಲ್ಲಿಂದಲೇ ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಆ ಕಡೆಯ ಹೆಣ್ಣುಮಗಳು ಮರ್ಯಾದೆಯಿಂದಲೇ ಉತ್ತರ ಕೊಟ್ಟಳು.

"ಎರಡ ವಾರದ ಹಿಂದ ಫೋನ್ ಮಾಡಿದ್ವಿ ಮೇಡಂ. ನಿಮ್ಮ ಮನಿಯವ್ರ ಮಾತಾಡಿದ್ರು. ಮನ್ಯಾಗ ಅಡಚಣಿ ಐತಿ, ಆಕಿ ಒಲ್ಲೆ ಅಂತಾಳ ಅಂದ್ರು. ಅವ್ರಿಗೇ ಕೊಡ್ರಿ ಅಂದ್ರ, ಇಲ್ಲೇ ಬಾಜೂಕ ಕುಂತಾಳ, ಕೈ ಹಿಟ್ಟ ಆಗೇತಿ ಅಂದ್ರು."

"ಯಾವ ನಂಬರಿಗೆ ಮಾಡಿದ್ರಿ?"

ಓದಿ ಹೇಳಿದಳು. ಗಂಡನ ನಂಬರು.

ಆ ನಂಬರನ್ನು ಅಲ್ಲಿ ಬರೆದವಳು ನಾನೇ. ಕೆಲಸಕ್ಕೆ ಸೇರಿದಾಗ ಮದುವೆಯಾಗಿ ಎರಡು ವರ್ಷ, ನನ್ನ ಕೈಯಲ್ಲಿ ಫೋನ್ ಇರಲಿಲ್ಲ. ಅರ್ಜಿಯಲ್ಲಿ ಮೊಬೈಲ್ ಎಂದಿದ್ದ ಕಡೆ ಅವರದನ್ನು ಬರೆದೆ. ಆಮೇಲೆ ನನ್ನದೇ ಫೋನ್ ಬಂತು, ಲ್ಯಾಬಿನವರ ಹತ್ತಿರವೆಲ್ಲ ಆ ನಂಬರ್ ಇದೆ, ಆದರೆ ಹುಬ್ಬಳ್ಳಿಯ ಕಡತದಲ್ಲಿ ಹಳೆಯದೇ ಉಳಿಯಿತು. ಪಗಾರ ಜಮಾ ಆದ ಸಂದೇಶ ಇಷ್ಟು ವರ್ಷ ಮೊದಲು ಅವರ ಫೋನಿಗೇ ಬರುತ್ತಿತ್ತು. ನಿನ್ನ ಪಗಾರ ಆತು ನೋಡು ಎಂದು ಅವರು ಹೇಳಿದಾಗ ನನಗೆ ತಿಳಿಯುತ್ತಿತ್ತು. ನನ್ನ ಓಣಿಯ ಅರ್ಧಕ್ಕರ್ಧ ಹೆಂಗಸರು ಗ್ಯಾಸಿನ ಪುಸ್ತಕದಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಗಂಡಂದಿರ ನಂಬರನ್ನೇ ಬರೆಯುತ್ತಾರೆ. ಅದರಲ್ಲಿ ತಪ್ಪೇನಿದೆ ಎಂದು ನನಗೂ ಯಾವತ್ತೂ ಅನಿಸಿರಲಿಲ್ಲ.

"ಈಗ ಏನರ ಮಾಡಾಕ ಬರ್ತದೇನ್ರಿ?" ಎಂದು ಕೇಳಿದೆ. ಸಂಜೆ ಎಂಟರವರೆಗೆ ಸಂಸ್ಥೆಯ ಆ್ಯಪ್ ತೆರೆದಿರುತ್ತದೆ, ಅದರಲ್ಲಿ ಒಪ್ಪಿಗೆ ಒತ್ತಿದರೆ ಹಳೆಯ ಮಾತು ರದ್ದಾಗುತ್ತದೆ ಎಂದಳು. ಆದರೆ ಓಟಿಪಿ ಅದೇ ನಂಬರಿಗೆ ಹೋಗುತ್ತದೆ. ನಂಬರ್ ಬದಲಿಸಲು ಬರೆದು ಕೊಡಬೇಕು, ಅದಕ್ಕೆ ಎಂಟು ದಿನ.

ಗಂಡನಿಗೆ ಆಗಲೇ ಫೋನ್ ಮಾಡಿ ಜಗಳ ತೆಗೆಯಬಹುದಿತ್ತು. ಕಟ್ ಮಾಡಿ ಸುಮ್ಮನಿರುತ್ತಿದ್ದರು, ಎಂಟು ದಾಟುತ್ತಿತ್ತು. ಮನೆಗೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಶನಿವಾರ ಸಂಜೆ ಏಳೂವರೆಗೆ ಅವರು ಎಲ್ಲಿರುತ್ತಾರೆ, ಫೋನನ್ನು ಎಲ್ಲಿ ಇಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾಲ್ಕು ಜನ ನೋಡುವಲ್ಲಿ ದನಿ ಏರಿದರೆ ಅವರಿಗೆ ಬೆವರು ಬರುತ್ತದೆ ಎಂಬುದೂ ಗೊತ್ತಿತ್ತು. ಹದಿನಾರು ವರ್ಷದ ಸಂಸಾರದಲ್ಲಿ ನ್ಯೂನತೆಗಳನ್ನು ಪಟ್ಟಿ ಮಾಡಿಟ್ಟವರು ಅವರೊಬ್ಬರೇ ಅಲ್ಲ. ಹೊತ್ತಿಗೆ ಸರಿಯಾಗಿ ಹೋಟೆಲಿಗೆ ಹೋದೆ.

ಅವರು ಆಗಲೇ ಬಂದು ಕೂತಿದ್ದರು. ಫೋನು ತಾಟಿನ ಪಕ್ಕದಲ್ಲಿತ್ತು. ಜೇಬಿನಿಂದ ಕನ್ನಡಕ ತೆಗೆಯುತ್ತಿದ್ದಂತೆ ನಾನು ನನ್ನ ಫೋನಿನಲ್ಲಿ ಗುಂಡಿ ಒತ್ತಿದೆ. ಅವರದು ಗುಂಯ್ ಎಂದಿತು.

"ಓದ್ರಿ" ಎಂದೆ.

"ಏನ?"

"ಈಗ ಬಂತಲ್ಲ, ಆರ ಅಂಕಿ. ಓದ್ರಿ."

ನೋಡಿದರು. ಕನ್ನಡಕವನ್ನು ಮೇಜಿನ ಮೇಲಿಟ್ಟರು. "ಯಾರ ಹೇಳಿದ್ರು ನಿನಗ?"

"ಹೇಳಬೇಕಾದವ್ರಂತೂ ಹೇಳಲಿಲ್ಲ."

"ಮನಿಗೆ ಹೋಗಿ ಮಾತಾಡೂಣು. ನಿನ್ನ ಸಲುವಾಗೇ ಹೇಳೀನಿ. ನಾಕೂವರಿಗೆ ಎದ್ದ ಎದ್ದ ಹೆಂಗಾಗಿ ನೋಡ್ಕೊಂಡಿ ಏನ? ದಿನಾ ಖಾನಾಪುರಕ್ಕ ಹೋಗಿ ಬಂದ್ರ ನೀ ಉಳಿಯಂಗಿಲ್ಲ."

"ಯಾವಾಗ ಹೇಳಿದ್ರಿ ಅವ್ರಿಗೆ?"

"ಎರಡನೇ ವಾರ ಮುಗದಿತ್ತು."

"ಮುಂದಿನ ಎರಡ ವಾರ ನಾ ನಾಕೂವರಿಗೆ ಎದ್ದಿದ್ದು, ನೀವ ಹಸರ ಹಚ್ಚಿದ್ದು, ಅದೆಲ್ಲಾ ಯಾಕ?"

ಅವರು ಒಂದು ಸುಳ್ಳು ಹೇಳಬಹುದಿತ್ತು. ಹೇಳಲು ಧೈರ್ಯವಾಗಲಿಲ್ಲ ಎಂದಿದ್ದರೂ ನಾನು ನಂಬುತ್ತಿದ್ದೆ. ಸುಳ್ಳು ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

"ಚಲೋ ನಡದಿತ್ತಲ್ಲ," ಎಂದರು. "ಎಲ್ಲಾ ಟೈಮಿಗೆ ಸರಿ ಬರಾಕ ಹತ್ತಿತ್ತು. ಯಾಕ ನಿಲ್ಲಸೂದು ಅಂತ ಸುಮ್ಮನಾದೆ."

ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಅವಮಾನವಾಯಿತು. ಕತ್ತಲಲ್ಲಿ ಎದ್ದು, ಒದ್ದೆ ಕೂದಲಲ್ಲಿ ನಿಂತು ಬಡಿದ ಪ್ರತಿಯೊಂದು ರೊಟ್ಟಿಯೂ ನನ್ನನ್ನು ಖಾನಾಪುರದ ಹತ್ತಿರ ಒಯ್ಯುತ್ತಿದೆ ಎಂದು ನಂಬಿದ್ದೆ. ಖಾನಾಪುರ ಯಾವಾಗಲೋ ಮುಗಿದುಹೋಗಿತ್ತು, ಆ ಎರಡು ವಾರ ಉಳಿದದ್ದು ಅವರ ಊಟ ಮಾತ್ರ. ಅಷ್ಟರಲ್ಲಿ ಮೊದಲ ಓಟಿಪಿಯ ಹೊತ್ತು ಮೀರಿತು. ಮತ್ತೆ ಒತ್ತಿದೆ. ಮತ್ತೆ ಗುಂಯ್ ಎಂದಿತು.

"ಓದ್ರಿ," ಎಂದೆ, ಈ ಸಲ ಇಡೀ ಹೋಟೆಲಿಗೆ ಕೇಳುವಂತೆ. ಪಕ್ಕದ ಮೇಜಿನ ಸಂಸಾರ ತಿರುಗಿ ನೋಡಿತು. ವೇಟರ್ ನೀರಿನ ಜಗ್ಗು ಹಿಡಿದು ನಿಂತಲ್ಲೇ ನಿಂತ. "ಇಲ್ಲಾಂದ್ರ ಹುಬ್ಬಳ್ಳಿಯಾಕಿಗೆ ಹೇಳಿದ್ದನ್ನ ಇಲ್ಲೆ ನಿಂತ ಎಲ್ಲಾರಿಗೂ ಹೇಳ್ತೀನಿ. ಹೆಂಡ್ತಿ ಬಾಜೂಕ ಕುಂತಾಳ, ಕೈ ಹಿಟ್ಟ ಆಗೇತಿ ಅಂತ."

ಅವರ ಹಣೆಯ ಮೇಲೆ ಬೆವರು ಕಂಡಿತು. ಕನ್ನಡಕ ಹಾಕಿಕೊಂಡರು. ಏಳು. ಸೊನ್ನೆ. ಎರಡು. ಒಂದೊಂದನ್ನೂ ಹಲ್ಲು ಕಿತ್ತು ಕೊಡುವವರ ಹಾಗೆ ಓದಿದರು. ಆರನ್ನೂ ಒತ್ತಿದೆ. ನನ್ನ ಪರದೆಯ ಮೇಲೆ ಒಂದು ಚಕ್ರ ತಿರುಗಿ ನಿಂತಿತು. ಒಪ್ಪಿಗೆ ಸ್ವೀಕರಿಸಲಾಗಿದೆ ಎಂದು ಬಂತು. ಎಂಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು.

ಅವರ ಫೋನು ಮೂರನೆಯ ಸಲ ಗುಂಯ್ ಎಂದಿತು. ನಾನು ಏನನ್ನೂ ಒತ್ತಿರಲಿಲ್ಲ.

"ಅದೇನ?" ಎಂದೆ.

"ಏನಿಲ್ಲ."

"ನನ್ನ ಸಲುವಾಗಿ ಬಂದದ್ದು. ಓದ್ರಿ."

ಇಂಗ್ಲಿಷಿನಲ್ಲಿತ್ತು. ಗಂಟಲಲ್ಲೇ ಓದಿದರು. ಕನ್ನಡದಲ್ಲಿ ಹೇಳಿರಿ ಎಂದೆ. ಪಕ್ಕದ ಮೇಜಿನವರು ಇನ್ನೂ ನೋಡುತ್ತಿದ್ದರು.

"ಖಾನಾಪುರ ಕೇಂದ್ರದ ಮುಖ್ಯಸ್ಥೆ ಆಗೂದಕ್ಕ ಅಭಿನಂದನೆ ಅಂತ ಬರದಾರ."

"ಅವ್ರ ಬರದದ್ದಾತು," ಎಂದೆ. "ಈಗ ನೀವ ಹೇಳ್ರಿ."

ಫೋನನ್ನು ಬೋರಲು ಹಾಕಿ, ಮೆನು ಕಾರ್ಡು ತೆಗೆದು ಮುಖದ ಮುಂದೆ ಹಿಡಿದರು. ನಾನು ಕಾಯುತ್ತ ಕೂತೆ. ವೇಟರ್ ಬಂದು ಏನು ತರಲಿ ಎಂದು ಕೇಳಿದ. ಅವರು ತಮಗೆ ಬೇಕಾದ್ದನ್ನು ಹೇಳಿದರು. ನಾನು ನನಗೆ ಬೇಕಾದ್ದನ್ನು ಹೇಳಿದೆ. ಊಟ ಬಂತು, ಉಂಡೆವು, ಎದ್ದು ಮನೆಗೆ ಹೋದೆವು. ನಾನು ಖಾನಾಪುರದ ಕೇಂದ್ರ ನಡೆಸತೊಡಗಿ ಈಗ ಎರಡು ವರ್ಷವಾಗುತ್ತ ಬಂತು. ಅಭಿನಂದನೆಯ ಆ ಒಂದು ಮಾತನ್ನು ಅವರು ಇವತ್ತಿನವರೆಗೂ ಹೇಳಿಲ್ಲ.